‘ನನ್ನದಲ್ಲ’ ಎಂಬ ಮಾತು ಹುಟ್ಟಿದ ಸಾರನಾಥ

ಕಾಶಿಗೆ ಹೋದವರು ಏನಾದರೊಂದನ್ನು ಬಿಟ್ಟು ಬರಬೇಕೆಂಬುದು ಹಳೆಯ ಪದ್ಧತಿ. ಇಷ್ಟದ ಹಣ್ಣು ಒಂದು, ಇಷ್ಟದ ತರಕಾರಿ ಒಂದು. ಮಾವಿನ ಹಣ್ಣನ್ನೇ ಬಿಟ್ಟು ಬಂದ ಗಟ್ಟಿಗರಿದ್ದಾರೆ. ಹೇಗೂ ಬಾಯಿಗೆ ಸೇರದ ಹಾಗಲಕಾಯಿಯನ್ನು ಗಂಗೆಯ ಸಾಕ್ಷಿಯಾಗಿ ಬಿಟ್ಟು ಪುಣ್ಯ ಕಟ್ಟಿಕೊಂಡ ಜಾಣರೂ ಇದ್ದಾರೆ. ಸ್ನಾನ, ವಿಶ್ವನಾಥನ ದರ್ಶನ, ಪಿಂಡಪ್ರದಾನ ಎಲ್ಲ ಮುಗಿದು, ರೈಲಿಗೆ ಇನ್ನೂ ಅರ್ಧ ದಿನ ಉಳಿದಿದೆ ಎಂದಾಗ ಯಾತ್ರಿಕರಿಗೆ ಸಾರನಾಥದ ನೆನಪಾಗುತ್ತದೆ. ಊರಿನಿಂದ ಸುಮಾರು 10 ಕಿಲೋಮೀಟರು. ಒಂದು ಗಂಟೆಯಲ್ಲಿ ನೋಡಿ ಮುಗಿಸಬಹುದೆಂದು ಆಟೋದವರು ಭರವಸೆ ಕೊಡುತ್ತಾರೆ. ಇಟ್ಟಿಗೆಯ ಗುಡ್ಡೆ, ಜಿಂಕೆ, ಸಿಂಹಗಳ ಕಲ್ಲು - ಇಷ್ಟಕ್ಕೆ ಒಂದು ಗಂಟೆ ಸಾಕೂ ಸಾಕು.

ದಾರಿಯಲ್ಲಿ ವರುಣಾ ನದಿ ಅಡ್ಡ ಬರುತ್ತದೆ. ಈಗಿನ ವರುಣಾ ನೋಡಿದರೆ ನದಿಯೆನ್ನಲು ಮನಸ್ಸು ಬಾರದು, ಆದರೆ ವರುಣಾ ಮತ್ತು ಅಸ್ಸಿ ಇವೆರಡರ ನಡುವಣ ಊರೇ ವಾರಾಣಸಿ ಎಂದು ಹೆಸರಿನ ಮೂಲವನ್ನು ಹೇಳುವುದುಂಟು. ಆ ಲೆಕ್ಕದಲ್ಲಿ ವರುಣಾ ದಾಟಿದರೆ ಕ್ಷೇತ್ರದ ಗಡಿ ದಾಟಿದ ಹಾಗೆ. ಗಡಿಯ ಈಚೆ ಮಣಿಕರ್ಣಿಕೆಯಲ್ಲಿ ಚಿತೆ ಆರುವುದೇ ಇಲ್ಲ. ದೇಹ ಸುಟ್ಟು ಹೋಗುತ್ತದೆ, ಒಳಗಿದ್ದ ಆತ್ಮಕ್ಕೆ ಬಿಡುಗಡೆ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಊರು ನಿಂತಿದೆ. ಗಡಿಯ ಆಚೆ, ಎರಡೂವರೆ ಸಾವಿರ ವರ್ಷಗಳ ಹಿಂದಿನ ಒಂದು ಮಳೆಗಾಲದ ಆರಂಭದಲ್ಲಿ, ಐದು ಮಂದಿಯ ಎದುರು ಕುಳಿತ ಒಬ್ಬಾತ ದೇಹದಿಂದ ಹಿಡಿದು ಮನಸ್ಸಿನವರೆಗೆ ಒಂದೊಂದನ್ನೇ ಎತ್ತಿ ತೋರಿಸಿ, ಇದು ನಿನ್ನದೆನ್ನುವುದಕ್ಕೆ ಆಧಾರವೇನು ಎಂದು ಕೇಳಿದ. ಹಣ್ಣು ತರಕಾರಿ ಬಿಡುವುದಕ್ಕಿಂತ ಸ್ವಲ್ಪ ಕಷ್ಟದ ಬಿಡುವಿಕೆ ಅದು.

ಆಶಾಪುರದ ಗದ್ದಲ ಕಳೆದು ಸಾರನಾಥಕ್ಕೆ ಹತ್ತಿರವಾದಂತೆ ಮೊದಲು ಸಿಗುವುದು ಚೌಖಂಡಿ ಸ್ತೂಪ. ಗುಪ್ತರ ಕಾಲದ ಇಟ್ಟಿಗೆಯ ದಿಬ್ಬದ ನೆತ್ತಿಯ ಮೇಲೆ ಎಂಟು ಮೂಲೆಯ ಮೊಗಲ್ ಗೋಪುರವೊಂದು ಟೋಪಿಯಂತೆ ಕುಳಿತಿದೆ. ತೋದರಮಲ್ಲನ ಮಗ ಗೋವರ್ಧನ, ಹುಮಾಯೂನ್ ಇಲ್ಲಿಗೆ ಬಂದುದರ ನೆನಪಿಗೆ 1588ರಲ್ಲಿ ಕಟ್ಟಿಸಿದ್ದು. ಹೆಚ್ಚಿನ ಆಟೋಗಳು ಇಲ್ಲಿ ನಿಲ್ಲುವುದಿಲ್ಲ. ಬುದ್ಧನಿಗೆ ಆ ಐವರು ಎದುರಾದ ಜಾಗ ಇದು ಎಂಬುದು ಸಂಪ್ರದಾಯ.

ಆ ಭೇಟಿ ಸರಾಗವಾಗಿರಲಿಲ್ಲ. ಗಯೆಯ ಬಳಿ ಜ್ಞಾನೋದಯವಾದ ಮೇಲೆ ಬುದ್ಧ ಇಲ್ಲಿಯವರೆಗೆ ನಡೆದೇ ಬಂದ. ದಾರಿಯಲ್ಲಿ ಸಿಕ್ಕ ಮೊದಲ ಮನುಷ್ಯ ಉಪಕನೆಂಬ ಆಜೀವಕ ಸನ್ಯಾಸಿ. ನಿನ್ನ ಮುಖ ಬೆಳಗುತ್ತಿದೆಯಲ್ಲ, ನಿನ್ನ ಗುರು ಯಾರು ಎಂದು ಆತ ಕೇಳಿದ. ತನಗೆ ಗುರುವಿಲ್ಲ, ತಾನು ಎಲ್ಲವನ್ನೂ ಗೆದ್ದವನು, ತನಗೆ ಸಮಾನರಿಲ್ಲ ಎಂಬ ಧಾಟಿಯಲ್ಲಿ ಬುದ್ಧ ಉತ್ತರಿಸಿದನೆಂದು ಪಾಲಿ ಗ್ರಂಥಗಳು ಹೇಳುತ್ತವೆ. ಉಪಕ, ಇದ್ದರೂ ಇರಬಹುದಪ್ಪ ಎಂದು ತಲೆಯಾಡಿಸಿ ಬೇರೆ ದಾರಿ ಹಿಡಿದ. ‘ನಾನು’ ಎಂಬುದನ್ನು ದಾಟಿದವನ ಮೊದಲ ಮಾತುಗಳ ತುಂಬ ‘ನಾನು’ ತುಂಬಿಕೊಂಡಿರುವುದು ಉಪಕನಿಗೆ ವಿಚಿತ್ರವಾಗಿ ಕೇಳಿಸಿದ್ದರೆ ತಪ್ಪಲ್ಲ. ಸಂಪಾದಿಸಿದವರು ಈ ಪ್ರಸಂಗವನ್ನು ಕೈಬಿಡದೆ ಉಳಿಸಿಕೊಂಡದ್ದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

ಐವರಲ್ಲಿ ಹಿರಿಯ ಕೊಂಡಣ್ಣ. ಸಂಸ್ಕೃತದಲ್ಲಿ ಕೌಂಡಿನ್ಯ. ಪಾಲಿಯ ರೂಪ ಕೇಳಿದರೆ ಬಳ್ಳಾರಿ, ಅನಂತಪುರದ ಕಡೆಯ ಯಾವುದೋ ಗೌಡರ ಹೆಸರಿನಂತಿದೆ! ಸಿದ್ಧಾರ್ಥ ಹುಟ್ಟಿದಾಗ ಲಕ್ಷಣ ನೋಡಲು ಬಂದ ಎಂಟು ಬ್ರಾಹ್ಮಣರಲ್ಲಿ ಎಲ್ಲರಿಗಿಂತ ಚಿಕ್ಕವನು ಈತ. ಉಳಿದವರು ಚಕ್ರವರ್ತಿಯೋ ಬುದ್ಧನೋ ಆಗುತ್ತಾನೆ ಎಂದು ಎರಡು ಬೆರಳೆತ್ತಿದಾಗ ಈತನೊಬ್ಬ ಒಂದೇ ಬೆರಳೆತ್ತಿ ಬುದ್ಧನೇ ಎಂದನಂತೆ. ಇಳಿವಯಸ್ಸಿನಲ್ಲಿ ಆ ಭವಿಷ್ಯವನ್ನು ನಂಬಿ ಸಿದ್ಧಾರ್ಥನ ಹಿಂದೆ ಅಲೆದ. ಕಠಿಣ ತಪಸ್ಸು ಬಿಟ್ಟು ಆತ ಅನ್ನ ಉಂಡಾಗ, ಇವನೂ ಕೆಟ್ಟ ಎಂದು ಉಳಿದ ನಾಲ್ವರೊಡನೆ ಬಿಟ್ಟುಬಂದ. ಈಗ ಅದೇ ಮನುಷ್ಯ ಎದುರಿಗೆ ಬರುತ್ತಿದ್ದಾನೆ. ಎದ್ದು ನಿಲ್ಲಬಾರದು, ಪಾತ್ರೆ ತೆಗೆದುಕೊಳ್ಳಬಾರದು ಎಂದು ಐವರೂ ಮಾತಾಡಿಕೊಂಡರು. ಹತ್ತಿರ ಬಂದಾಗ ಯಾರಿಗೂ ಕೂತಿರಲಾಗಲಿಲ್ಲ.

ಎರಡನೆಯ ಉಪದೇಶ

ಸಾರನಾಥದ ಫಲಕಗಳಲ್ಲೆಲ್ಲ ಮೊದಲ ಉಪದೇಶದ ಮಾತೇ ಇದೆ. ಧರ್ಮಚಕ್ರಪ್ರವರ್ತನ, ನಾಲ್ಕು ಆರ್ಯಸತ್ಯ, ಅಷ್ಟಾಂಗ ಮಾರ್ಗ ಇವು ಶಾಲೆಯ ಪುಸ್ತಕದಲ್ಲೂ ಇವೆ. ಅದಾದ ಕೆಲವೇ ದಿನಗಳಲ್ಲಿ ಇದೇ ಮೃಗದಾವದಲ್ಲಿ, ಇದೇ ಐವರಿಗೆ ನಡೆದ ಎರಡನೆಯ ಉಪದೇಶದ ಸುದ್ದಿ ಪ್ರವಾಸಿಗರ ಕಿವಿಗೆ ಬೀಳುವುದು ಕಡಿಮೆ. ಅದಕ್ಕೆ ಅನತ್ತಲಕ್ಖಣ ಸುತ್ತ, ಅಂದರೆ ಅನಾತ್ಮದ ಲಕ್ಷಣ ಹೇಳುವ ಸೂತ್ರ ಎಂದು ಹೆಸರು. ಮೊದಲ ಉಪದೇಶ ಕೇಳಿ ಕೊಂಡಣ್ಣನಿಗೆ ದಾರಿ ಕಂಡಿತು. ಎರಡನೆಯದನ್ನು ಕೇಳಿ ಐವರೂ ದಾರಿಯ ಕೊನೆ ಮುಟ್ಟಿದರು, ಅರಹಂತರಾದರು.

ಅದರ ವಾದಕ್ರಮ ತೀರ ಸರಳ. ಮನುಷ್ಯನೆಂದರೆ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳು. ದೇಹ, ಸುಖದುಃಖದ ಅನುಭವ, ಗುರುತಿಸುವಿಕೆ, ಮನಸ್ಸಿನ ಒಲವುಗಳು, ಅರಿವು. ಈ ದೇಹ ನಿಜವಾಗಿ ‘ನಾನು’ ಆಗಿದ್ದರೆ ಅದು ಹೇಳಿದ ಮಾತು ಕೇಳಬೇಕಿತ್ತು. ಕೇಳುವುದಿಲ್ಲ. ತಲೆಗೂದಲು ಬೆಳ್ಳಗಾಗುವ ಮುನ್ನ ಯಾರ ಅಪ್ಪಣೆಯನ್ನೂ ಪಡೆಯುವುದಿಲ್ಲ. ನಡುರಾತ್ರಿಯ ಹಲ್ಲುನೋವನ್ನು ಸಾಕು ನಿಲ್ಲು ಎಂದರೆ ನಿಲ್ಲದು. ಬೇಡವೆಂದ ನೆನಪೇ ಮತ್ತೆ ಮತ್ತೆ ಬರುತ್ತದೆ. ಹಿಡಿತಕ್ಕೆ ಸಿಗದ್ದು, ಸದಾ ಬದಲಾಗುವುದು, ಬದಲಾಗಿ ನೋಯಿಸುವುದು - ಇಂಥದನ್ನು ನನ್ನದು, ನಾನೇ ಇದು, ಇದೇ ನನ್ನ ಆತ್ಮ ಎನ್ನುವುದು ಸರಿಯೇ ಎಂಬುದು ಬುದ್ಧನ ಪ್ರಶ್ನೆ. ಸರಿಯಲ್ಲ ಎಂದು ಐವರೂ ಒಪ್ಪುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಉಪದೇಶ ಐದನ್ನು ಎತ್ತಿಕೊಂಡು ಐದೂ ನಿನ್ನದಲ್ಲ ಎನ್ನುತ್ತದೆಯೇ ಹೊರತು, ಹಾಗಾದರೆ ನೀನು ಇಲ್ಲವೇ ಇಲ್ಲ ಎಂದು ಎಲ್ಲೂ ಸಾರುವುದಿಲ್ಲ. ಮುಂದೊಮ್ಮೆ ವಚ್ಛಗೊತ್ತನೆಂಬ ಪರಿವ್ರಾಜಕ ನೇರವಾಗಿ ಕೇಳಿದ: ಆತ್ಮ ಇದೆಯೇ? ಬುದ್ಧ ಸುಮ್ಮನಿದ್ದ. ಹಾಗಾದರೆ ಇಲ್ಲವೇ? ಅದಕ್ಕೂ ಸುಮ್ಮನಿದ್ದ. ಆತ ಎದ್ದುಹೋದ ಮೇಲೆ ಆನಂದ ಕಾರಣ ಕೇಳಿದಾಗ ಬುದ್ಧ ಕೊಟ್ಟ ವಿವರಣೆಯ ಸಾರಾಂಶವಿಷ್ಟು: ಇದೆ ಎಂದಿದ್ದರೆ ಶಾಶ್ವತವಾದಿಗಳ ಪಕ್ಷವಾಗುತ್ತಿತ್ತು, ಇಲ್ಲ ಎಂದಿದ್ದರೆ, ಮೊದಲೇ ಗೊಂದಲದಲ್ಲಿದ್ದ ಆ ಮನುಷ್ಯ ತನಗಿದ್ದ ಆತ್ಮವೂ ಹೋಯಿತಲ್ಲಾ ಎಂದು ಇನ್ನಷ್ಟು ಕಂಗಾಲಾಗುತ್ತಿದ್ದ. ಕಂಗಾಲಾಗುವವನ ಬಗೆಗಿನ ಈ ಕಾಳಜಿಯನ್ನು ನೋಡಿದರೆ, ಅನಾತ್ಮವೆಂದರೆ ಮನುಷ್ಯನನ್ನು ಅಳಿಸಿಹಾಕುವುದು ಎಂದು ತಿಳಿಯುವುದು ಕಷ್ಟ.

ಗುಡ್ಡೆಯೊಳಗೆ ಏನಿದೆ?

ಟಿಕೇಟು ಪಡೆದು ಒಳಗೆ ಹೋದವರ ಕಣ್ಣು ಮೊದಲು ನಿಲ್ಲುವುದು ಧಮೇಖ ಸ್ತೂಪದ ಮೇಲೆ. 28 ಮೀಟರು ಅಡ್ಡಳತೆಯ, ನೆಲದಿಂದ 33 ಮೀಟರಿಗೂ ಮಿಕ್ಕಿ ಎತ್ತರದ ದುಂಡನೆಯ ಗಟ್ಟಿ ಕಟ್ಟಡ. ಬಾಗಿಲಿಲ್ಲ, ಕಿಟಕಿಯಿಲ್ಲ, ಒಳಗೆ ಹೋಗುವ ದಾರಿಯಿಲ್ಲ. ಕೆಳಗಿನ ಅರ್ಧಕ್ಕೆ ಕಲ್ಲಿನ ಹೊದಿಕೆ, ಅದರ ಮೇಲೆ ಗುಪ್ತರ ಕಾಲದ ಬಳ್ಳಿ, ಜ್ಯಾಮಿತಿಯ ಚಿತ್ತಾರ. ಥಾಯ್ಲೆಂಡ್, ಮ್ಯಾನ್ಮಾರ್‌ಗಳ ಯಾತ್ರಿಕರು ಅಂಟಿಸಿಹೋದ ಚಿನ್ನದ ರೇಕಿನ ಚೂರುಗಳು ಅಲ್ಲಲ್ಲಿ ಹೊಳೆಯುತ್ತವೆ.

1835ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಎಂಬ 21 ವರ್ಷದ ಸೇನಾ ಎಂಜಿನಿಯರನಿಗೆ ಇದರೊಳಗೆ ಏನಿದೆಯೆಂದು ನೋಡುವ ಹುಕಿ ಹತ್ತಿತು. ಭಾರತೀಯ ಪುರಾತತ್ವದ ಪಿತಾಮಹನೆಂದು ಮುಂದೆ ಹೆಸರಾದವನು ಈತನೇ. ಸ್ತೂಪವೆಂದ ಮೇಲೆ ನಡುಮಧ್ಯದಲ್ಲಿ ಅಸ್ಥಿಕರಂಡ ಇರಲೇಬೇಕೆಂದು ನೆತ್ತಿಯಿಂದ ನೇರ ಕೆಳಕ್ಕೆ ಬಾವಿ ತೋಡಿಸಿದ. ಮೂರಡಿಯಷ್ಟು ಇಳಿದಾಗ ಒಂದು ಬರಹದ ಕಲ್ಲು ಸಿಕ್ಕಿತು. ಅಷ್ಟೆ. ಆಮೇಲೆ ಅಡಿಪಾಯದವರೆಗೆ, ನೂರು ಅಡಿಗೂ ಹೆಚ್ಚು ಆಳ ಕೊರೆದರೂ, ತಿಂಗಳುಗಟ್ಟಲೆ ಕೂಲಿ ಕೊಟ್ಟರೂ, ಕಲ್ಲು ಮತ್ತು ಇಟ್ಟಿಗೆ ಬಿಟ್ಟರೆ ಬೇರೇನೂ ಇಲ್ಲ. ಸಿಕ್ಕ ಆ ಒಂದು ಕಲ್ಲಿನಲ್ಲಿದ್ದುದು ಬೌದ್ಧರ ಪ್ರಸಿದ್ಧ ಶ್ಲೋಕ: ಎಲ್ಲವೂ ಕಾರಣದಿಂದ ಹುಟ್ಟುತ್ತದೆ, ಆ ಕಾರಣವನ್ನೂ ಅದರ ನಿಲುಗಡೆಯನ್ನೂ ತಥಾಗತ ಹೇಳಿದ್ದಾನೆ ಎಂಬರ್ಥದ್ದು. ತಿರುಳು ಹುಡುಕಿ ಹೊರಟವನಿಗೆ ಕಾರ್ಯಕಾರಣದ ಒಂದು ವಾಕ್ಯ ಸಿಕ್ಕಿತು. ಎರಡನೆಯ ಉಪದೇಶಕ್ಕೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ಯಾವ ಪಂಡಿತನೂ ಬರೆದಿರಲಾರ, ಬರೆಯಬೇಕೆಂದು ಯಾರೂ ಹೊರಟಿರಲಿಲ್ಲ ಎಂಬುದು ಬೇರೆ ಮಾತು.

ಕರಂಡ ಸಿಕ್ಕಿದ್ದು ಪಕ್ಕದ ಧರ್ಮರಾಜಿಕ ಸ್ತೂಪದಲ್ಲಿ. ಅದೂ ಕನ್ನಿಂಗ್‌ಹ್ಯಾಮ್ ಬರುವ ನಾಲ್ಕು ದಶಕಗಳ ಮುಂಚೆ. 1794ರಲ್ಲಿ ಕಾಶಿಯ ರಾಜ ಚೇತ್ ಸಿಂಗನ ದಿವಾನನಾಗಿದ್ದ ಜಗತ್ ಸಿಂಗ್, ತನ್ನ ಹೆಸರಿನ ಪೇಟೆ ಕಟ್ಟಿಸಲು ಇಟ್ಟಿಗೆ ಬೇಕೆಂದು ಆ ಸ್ತೂಪವನ್ನು ಕೀಳಿಸಿದ. ಕಲ್ಲಿನ ಪೆಟ್ಟಿಗೆ, ಅದರೊಳಗೆ ಹಸಿರು ಅಮೃತಶಿಲೆಯ ಭರಣಿ, ಭರಣಿಯಲ್ಲಿ ಕೆಲವು ಮೂಳೆಯ ಚೂರು, ಮುತ್ತು, ಚಿನ್ನ. ಮನುಷ್ಯರ ಮೂಳೆ ಎಂದ ಕೂಡಲೇ ಕೆಲಸದವರ ಕಡೆಯವರು ಕಾಶಿಯ ಪದ್ಧತಿಯಂತೆ ಅವನ್ನು ಗಂಗೆಗೆ ಬಿಟ್ಟರು. ಆ ಅವಶೇಷ ಯಾರದೆಂದು ಹೇಳಲು ಇನ್ನು ಯಾವ ಸಾಧನವೂ ಇಲ್ಲ. ಬುದ್ಧನದೇ ಇದ್ದರೂ ಇದ್ದೀತು. ಧರ್ಮರಾಜಿಕ ಈಗ ನೆಲಮಟ್ಟದ ದುಂಡನೆ ಪಾಯ ಮಾತ್ರ. ಪ್ರವಾಸಿಗರು ಅದನ್ನು ದಾಟಿಕೊಂಡು ಮುಂದಿನ ಫೋಟೋಕ್ಕೆ ಹೋಗುತ್ತಾರೆ.

ಯಸನ ತಂದೆ

ಐವರ ನಂತರ ಇಲ್ಲಿಗೆ ಬಂದವನು ಯಸ. ಕಾಶಿಯ ದೊಡ್ಡ ವರ್ತಕನ ಒಬ್ಬನೇ ಮಗ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಮನೆ ಇದ್ದ ಹುಡುಗ. ಒಂದು ರಾತ್ರಿ ಎಚ್ಚರವಾಗಿ, ನಿದ್ದೆಹೋದ ಗಾಯಕಿಯರ ನಡುವೆ ಕುಳಿತು ಎದೆ ಹಿಂಡಿದಂತಾಗಿ, ಚಿನ್ನದ ಪಾದರಕ್ಷೆ ಮೆಟ್ಟಿಕೊಂಡು ಹೊರಟ. ಊರ ಬಾಗಿಲು ದಾಟಿ ಬೆಳಗಿನ ಜಾವಕ್ಕೆ ಈ ಮೃಗದಾವ ಸೇರಿದ. ಬುದ್ಧ ಅವನನ್ನು ಕೂರಿಸಿಕೊಂಡು ಮಾತಾಡಿದ.

ಬೆಳಗಾದಾಗ ಮನೆಯಲ್ಲಿ ತಾಯಿಯ ಕೂಗು. ತಂದೆ ಸವಾರರನ್ನು ನಾಲ್ಕು ದಿಕ್ಕಿಗೆ ಅಟ್ಟಿ, ತಾನು ಈ ಕಡೆ ಬಂದ. ಚಿನ್ನದ ಪಾದರಕ್ಷೆಯ ಗುರುತು ಹಿಡಿದು ಬಂದವನಿಗೆ ಬುದ್ಧ ಸಿಕ್ಕಿದ, ಮಗ ಕಾಣಲಿಲ್ಲ. ಮಗ ಅಲ್ಲೇ ಪಕ್ಕದಲ್ಲಿದ್ದರೂ ಕಾಣದಂತೆ ಬುದ್ಧ ಮಾಡಿದ್ದನೆಂದು ಕಥೆ. ಕೂತುಕೋ, ಕಂಡರೂ ಕಾಣಬಹುದು ಎಂದ ಬುದ್ಧನ ಮಾತಿಗೆ ಕುಳಿತ ವರ್ತಕ ಉಪದೇಶ ಕೇಳಿ ಮೂರು ಶರಣುಗಳನ್ನು ಪಡೆದ ಮೊದಲ ಗೃಹಸ್ಥನಾದ. ಅದನ್ನೇ ಇನ್ನೊಮ್ಮೆ ಕೇಳುತ್ತ ಕುಳಿತಿದ್ದ ಯಸನ ಮನಸ್ಸು ಪೂರ್ತಿ ಬಿಡುಗಡೆಯಾಯಿತು. ಆಗ ತಂದೆಗೆ ಮಗ ಕಂಡ.

ಕಂಡೊಡನೆ ತಂದೆ ಆಡಿದ ಮಾತು ಧರ್ಮದ್ದಲ್ಲ. ನಿನ್ನ ತಾಯಿ ಅಳುತ್ತಿದ್ದಾಳಪ್ಪ, ಅವಳಿಗೆ ಜೀವ ಕೊಡು ಎಂದ. ಯಸ ಬಾಯಿ ಬಿಡದೆ ಬುದ್ಧನ ಮುಖ ನೋಡಿದ. ಇಂಥವನು ಮತ್ತೆ ಹಿಂದಿನಂತೆ ಸಂಸಾರಕ್ಕೆ ಮರಳಬಲ್ಲನೇ ಎಂದು ಬುದ್ಧ ತಂದೆಯನ್ನೇ ಕೇಳಿದ. ಇಲ್ಲ ಎಂದ ತಂದೆ. ಆಮೇಲೆ ಅವನು ಮಾಡಿದ ಕೆಲಸವೆಂದರೆ, ಹಿಂದೆ ಒಬ್ಬ ಭಿಕ್ಷುವನ್ನು ಕರೆದುಕೊಂಡು ನಮ್ಮ ಮನೆಗೆ ಊಟಕ್ಕೆ ಬನ್ನಿ ಎಂದು ಬುದ್ಧನನ್ನು ಕರೆದದ್ದು. ಆ ಹಿಂದೆ ಬರುವ ಭಿಕ್ಷು ಯಸನೇ ಆಗಿರಲಿ ಎಂದು ಕೇಳಿಕೊಳ್ಳುವುದನ್ನು ಮರೆಯಲಿಲ್ಲ. ಊಟಕ್ಕೆ ಬಂದ ಮನೆಯಲ್ಲಿ ತಾಯಿಯೂ ಹೆಂಡತಿಯೂ ಶರಣು ಹೋದರು.

ಈ ಕಥೆಯಲ್ಲಿ ‘ನನ್ನ ಮಗ’ ಎಂಬ ಹಿಡಿತ ಸಡಿಲವಾಗಿದೆ, ಮಗ ಮಾಯವಾಗಿಲ್ಲ. ಅವನ ಹೆಸರು ಯಸ ಎಂದೇ ಉಳಿಯಿತು. ಊಟ ಬಡಿಸಿಕೊಳ್ಳುವ ದೇಹ ಉಳಿಯಿತು. ಎಲ್ಲಿಯವರೆಗೆ ಅದೇ ಮನುಷ್ಯ, ಎಲ್ಲಿಂದ ಬೇರೆ ಮನುಷ್ಯ? ಸಾರನಾಥದಲ್ಲಿ ವಾಸಿಸಿದ ಭಿಕ್ಷುಗಳನ್ನು ಈ ಪ್ರಶ್ನೆ ಬಹುಕಾಲ ಕಾಡಿತು, ಒಂದು ಕಂಬದ ಮೇಲೆ ಅದರ ಗುರುತೂ ಇದೆ.

ಕಂಬದ ಮೇಲಿನ ಮೂರು ಬರಹ

ಅಶೋಕನ ಸಿಂಹಶಿರ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಹೊತ್ತಿದ್ದ ಕಂಬದ ಬುಡ ಮತ್ತು ತುಂಡುಗಳು ಮಾತ್ರ ಮೂಲಗಂಧಕುಟಿಯ ಅವಶೇಷದ ಹಿಂದೆ, ಗಾಜಿನ ಆವರಣದೊಳಗೆ, ಇದ್ದಲ್ಲೇ ಇವೆ. 1904-05ರಲ್ಲಿ ಓರ್ಟೆಲ್ ನಡೆಸಿದ ಉತ್ಖನನದಲ್ಲಿ ಇವೆಲ್ಲ ಹೊರಬಂದವು. ಅದರ ಮೇಲೆ ಮೂರು ಕಾಲದ ಮೂರು ಬರಹಗಳಿವೆ.

ಮೊದಲನೆಯದು ಅಶೋಕನದು. ಸಂಘವನ್ನು ಯಾರೂ ಒಡೆಯಬಾರದು. ಒಡೆದ ಭಿಕ್ಷುವಿಗಾಗಲಿ ಭಿಕ್ಷುಣಿಗಾಗಲಿ ಬಿಳಿ ಬಟ್ಟೆ ಉಡಿಸಿ ವಿಹಾರದ ಹೊರಗೆ ಇರಿಸಬೇಕು ಎಂಬ ಕಟ್ಟಪ್ಪಣೆ. ಎರಡನೆಯದು ಅಶ್ವಘೋಷನೆಂಬ ರಾಜನ ಆಳ್ವಿಕೆಯದು. ‘ಬುದ್ಧಚರಿತ’ದ ಕವಿಗೂ ಈತನಿಗೂ ಹೆಸರೊಂದೇ ನಂಟು. ಮೂರನೆಯದು ಗುಪ್ತರ ಕಾಲದ ಆರಂಭದ ಅಕ್ಷರಗಳಲ್ಲಿದೆ. ಅದು ವಾತ್ಸೀಪುತ್ರೀಯ ಪರಂಪರೆಯ ಸಮ್ಮಿತೀಯ ಆಚಾರ್ಯರ ಹೆಸರು ಹೇಳುತ್ತದೆ. ಪಂಥ ಒಡೆಯಬೇಡಿ ಎಂಬ ರಾಜಾಜ್ಞೆಯ ಕಂಬದ ಮೇಲೆಯೇ ಒಂದು ಪಂಥದ ಹೆಸರು! ಕೆತ್ತಿದವರಿಗೆ ಆ ಹೊತ್ತಿಗೆ ಅಶೋಕನ ಬ್ರಾಹ್ಮಿ ಓದಲು ಬರುತ್ತಿತ್ತೋ ಇಲ್ಲವೋ.

ಈ ಸಮ್ಮಿತೀಯರು ಸಾಮಾನ್ಯರಲ್ಲ. 7ನೇ ಶತಮಾನದ ಮೊದಲ ಅರ್ಧದಲ್ಲಿ ಬಂದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ - ಇಮ್ಮಡಿ ಪುಲಿಕೇಶಿಯ ರಾಜ್ಯವನ್ನೂ ಕಂಡು ಹೊಗಳಿ ಹೋದವನು - ಸಾರನಾಥದ ವಿಹಾರದಲ್ಲಿ 1,500 ಭಿಕ್ಷುಗಳಿದ್ದರು, ಎಲ್ಲರೂ ಸಮ್ಮಿತೀಯರು ಎಂದು ಬರೆದಿಟ್ಟಿದ್ದಾನೆ. ಆ ಕಾಲದ ಭಾರತದಲ್ಲಿ ಅತಿ ಹೆಚ್ಚು ಭಿಕ್ಷುಗಳಿದ್ದ ಪಂಥಗಳಲ್ಲಿ ಅದೂ ಒಂದು. ಅವರ ವಿಶೇಷ ಸಿದ್ಧಾಂತ ಪುದ್ಗಲವಾದ. ಜೈನರಲ್ಲಿ ಪುದ್ಗಲವೆಂದರೆ ಜಡದ್ರವ್ಯ; ಬೌದ್ಧರ ಮಾತಿನಲ್ಲಿ ಪುದ್ಗಲವೆಂದರೆ ವ್ಯಕ್ತಿ, ಆಸಾಮಿ. ಐದು ಸ್ಕಂಧಗಳಲ್ಲದೆ ಒಬ್ಬ ವ್ಯಕ್ತಿಯೂ ಇದ್ದಾನೆ. ಅವನು ಸ್ಕಂಧಗಳೇ ಅಲ್ಲ, ಅವುಗಳಿಂದ ಬೇರೆಯೂ ಅಲ್ಲ ಎಂದು ಅವರು ಹೇಳಿದರು. ಅನಾತ್ಮದ ಉಪದೇಶ ನಡೆದ ನೆಲದಲ್ಲೇ ಕುಳಿತು!

ಉಳಿದ ಪಂಥಗಳು ಸುಮ್ಮನಿರಲಿಲ್ಲ. ಪಾಲಿಯ ‘ಕಥಾವತ್ಥು’ವಿನ ಮೊಟ್ಟಮೊದಲ ಚರ್ಚೆಯೇ ಇವರ ಖಂಡನೆ. ವಸುಬಂಧು ತನ್ನ ‘ಅಭಿಧರ್ಮಕೋಶ’ದ ಕೊನೆಗೆ ಇದಕ್ಕಾಗಿ ಒಂದು ಅಧ್ಯಾಯವನ್ನೇ ಸೇರಿಸಿದ. ಹಿಂಬಾಗಿಲಿನಿಂದ ಆತ್ಮವನ್ನು ಒಳಗೆ ಬಿಟ್ಟುಕೊಂಡವರು ಎಂಬುದು ಅವರ ಮೇಲಿನ ಆಪಾದನೆ. ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ ಹೇಳಿದ ರಥದ ದೃಷ್ಟಾಂತ ಇಲ್ಲಿ ನೆನಪಾಗಬಹುದು. ಗಾಲಿ, ಅಚ್ಚು, ನೊಗ ಬಿಡಿಸಿಟ್ಟರೆ ರಥ ಎಲ್ಲಿ? ರಥ ಎಂಬುದು ಒಂದು ಹೆಸರು, ಮನುಷ್ಯನೂ ಹಾಗೆಯೇ.

ಸಮ್ಮಿತೀಯರ ಉತ್ತರವೂ ಕಡೆಗಣಿಸುವಂಥದಲ್ಲ. ಯಾರೂ ಇಲ್ಲದಿದ್ದರೆ ಕರ್ಮದ ಫಲ ಉಣ್ಣುವವರು ಯಾರು? ಮರುಹುಟ್ಟು ಯಾರಿಗೆ? ಕರುಣೆ ತೋರುವುದು ಯಾರ ಮೇಲೆ, ರಥದ ಬಿಡಿಭಾಗಗಳ ಮೇಲೆಯೇ? ಜಗತ್ತಿನ ಹಿತಕ್ಕಾಗಿ ಒಬ್ಬ ಪುದ್ಗಲ ಹುಟ್ಟುತ್ತಾನೆ, ಅವನೇ ತಥಾಗತ ಎಂದು ಬುದ್ಧನೇ ಹೇಳಿದ್ದಾನಲ್ಲ ಎಂದು ಅವರು ಸೂತ್ರ ಎತ್ತಿ ತೋರಿಸಿದರು. ಹೊರೆ ಮತ್ತು ಹೊರೆಹೊರುವವನು ಎಂಬ ಇನ್ನೊಂದು ಸೂತ್ರವೂ ಅವರ ಬತ್ತಳಿಕೆಯಲ್ಲಿತ್ತು: ಐದು ಸ್ಕಂಧಗಳು ಹೊರೆ, ಹೊತ್ತವನು ಇಂಥ ಹೆಸರಿನ, ಇಂಥ ಗೋತ್ರದ ವ್ಯಕ್ತಿ. ಅವರ ಮೆಚ್ಚಿನ ಹೋಲಿಕೆ ಬೆಂಕಿಯದು. ಸೌದೆಯೇ ಬೆಂಕಿಯಲ್ಲ, ಸೌದೆ ಬಿಟ್ಟು ಬೆಂಕಿಯೂ ಇಲ್ಲ. ಮಣಿಕರ್ಣಿಕೆಯಿಂದ ಕೂಗಳತೆಯಲ್ಲಿ ಬದುಕಿದವರಿಗೆ ಈ ಹೋಲಿಕೆ ಹುಡುಕಲು ದೂರ ಹೋಗಬೇಕಿರಲಿಲ್ಲ.

ವಾದದಲ್ಲಿ ಅವರು ಸೋತರೆಂದೇ ಲೆಕ್ಕ. 12ನೇ ಶತಮಾನದ ಕೊನೆಗೆ ವಿಹಾರಗಳು ಹಾಳಾದವು, ಪಂಥ ಅಳಿಯಿತು, ಅವರ ಗ್ರಂಥಗಳಲ್ಲಿ ಬಹುಪಾಲು ಕಣ್ಮರೆಯಾದವು. ಒಂದೆರಡು ಚೀನೀ ಅನುವಾದದಲ್ಲಿ ಉಳಿದಿವೆ. ಸಾರನಾಥದಲ್ಲೇ 1967ರಲ್ಲಿ ಆರಂಭವಾದ ಟಿಬೆಟನ್ ಉನ್ನತ ಅಧ್ಯಯನ ಸಂಸ್ಥೆಯಲ್ಲಿ, ಕಳೆದುಹೋದ ಸಂಸ್ಕೃತ ಗ್ರಂಥಗಳನ್ನು ಟಿಬೆಟನ್ನಿನಿಂದ ಮತ್ತೆ ಸಂಸ್ಕೃತಕ್ಕೆ ತರುವ ಕೆಲಸ ನಡೆದುಬಂದಿದೆ. ಅಲ್ಲಿ ಓದುವ ಮಾಧ್ಯಮಿಕ ಶಾಸ್ತ್ರಗಳ ಪರಂಪರೆಯಲ್ಲಿ ವಾತ್ಸೀಪುತ್ರೀಯರು ಇಂದಿಗೂ ಬದುಕಿದ್ದಾರೆ, ಪೂರ್ವಪಕ್ಷವಾಗಿ. ಖಂಡಿಸುವುದಕ್ಕಾದರೂ ಅವರನ್ನು ಮೊದಲು ಮಾತಾಡಿಸಲೇಬೇಕು. ಯಸನ ತಂದೆ ಮಗನ ಮುಖ ನೋಡಿದ ಗಳಿಗೆಯನ್ನು ನೆನೆದರೆ, ಅವರ ಪ್ರಶ್ನೆಯಾದರೂ ಸೋತಿಲ್ಲ ಅನ್ನಿಸುತ್ತದೆ.

ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗ ಪಾಲಿ ಸೂತ್ರಗಳಲ್ಲೇ ಇದೆ, ಕೌಶಾಂಬಿಯಲ್ಲಿ ನಡೆದದ್ದು. ಕಾಯಿಲೆ ಬಿದ್ದಿದ್ದ ಖೇಮಕನೆಂಬ ಭಿಕ್ಷುವನ್ನು ಹಿರಿಯ ಭಿಕ್ಷುಗಳು ಕೇಳಿ ಕಳಿಸಿದರು. ಐದು ಸ್ಕಂಧಗಳಲ್ಲಿ ಯಾವುದನ್ನೂ ನಾನು ಎಂದು ಕಾಣುತ್ತಿಲ್ಲ ಎಂದ ಆತ. ಹಾಗಾದರೆ ನೀನು ಅರಹಂತನೇ? ಅಲ್ಲ ಎಂದ. ಮಾತು ಹೋಗಿಬಂದು ಸಾಲದೆ, ಕೋಲೂರಿಕೊಂಡು ತಾನೇ ಎದ್ದು ಬಂದು ವಿವರಿಸಿದ: ಹೂವಿನ ವಾಸನೆ ಎಸಳಿನದೂ ಅಲ್ಲ, ಕೇಸರದ್ದೂ ಅಲ್ಲ, ಆದರೂ ಹೂವಿಗೆ ವಾಸನೆಯಿದೆ, ಹಾಗೆ ‘ನಾನಿದ್ದೇನೆ’ ಎಂಬುದು ತನ್ನಲ್ಲಿ ಇನ್ನೂ ಉಳಿದಿದೆ. ಅಗಸ ಒಗೆದು ತಂದ ಬಟ್ಟೆಯಲ್ಲಿ ಕೊಳೆ ಹೋಗಿದ್ದರೂ ಚೌಳಿನ ವಾಸನೆ ಇರುತ್ತದೆ. ಸುಗಂಧದ ಪೆಟ್ಟಿಗೆಯಲ್ಲಿಟ್ಟರೆ ಅದೂ ನಿಧಾನವಾಗಿ ಹೋಗುತ್ತದೆ. ತಲೆಗೆ ತಿಳಿಯುವುದಕ್ಕೂ ವಾಸನೆ ಹೋಗುವುದಕ್ಕೂ ನಡುವಣ ದೂರ ಎಷ್ಟೆಂಬುದನ್ನು ಇಷ್ಟು ಮನೆಮಾತಿನಲ್ಲಿ ಹೇಳಿದವರು ವಿರಳ. ಹೀಗೆ ಹೇಳುತ್ತ ಹೇಳುತ್ತಲೇ ಖೇಮಕನೂ ಕೇಳುತ್ತಿದ್ದವರೂ ಅರಹಂತರಾದರೆಂದು ಸೂತ್ರ ಮುಗಿಯುತ್ತದೆ.

ಹೆಸರಿದ್ದವರು, ಇಲ್ಲದವರು

ವಸ್ತುಸಂಗ್ರಹಾಲಯ 1910ರದ್ದು. ಶುಕ್ರವಾರ ರಜೆ, ಯೋಜನೆ ಹಾಕುವವರು ಗಮನಿಸಬೇಕು. ಸಿಂಹಶಿರದ ಮುಂದೆ ಯಾವಾಗಲೂ ಜನ. ನೋಟು, ನಾಣ್ಯಗಳ ಮೇಲೆ ನೋಡಿ ಅಭ್ಯಾಸವಾದದ್ದನ್ನು ಏಳಡಿ ಎತ್ತರದಲ್ಲಿ ಕಂಡಾಗ ಮಕ್ಕಳು ನಾಲ್ಕನೆಯ ಸಿಂಹಕ್ಕಾಗಿ ಹಿಂದೆ ಸುತ್ತುತ್ತಾರೆ.

ಮಥುರೆಯ ಕೆಂಪು ಕಲ್ಲಿನ ಭಾರೀ ಬೋಧಿಸತ್ವ ವಿಗ್ರಹ ಅಷ್ಟು ಜನರನ್ನು ಸೆಳೆಯುವುದಿಲ್ಲ. ಕನಿಷ್ಕನ 3ನೇ ವರ್ಷದಲ್ಲಿ ಅದನ್ನು ಇಲ್ಲಿ ನಿಲ್ಲಿಸಿದವನು ಬಲನೆಂಬ ಭಿಕ್ಷು. ಶಾಸನದಲ್ಲಿ ತನ್ನ ಹೆಸರು, ತ್ರಿಪಿಟಕ ಬಲ್ಲವನೆಂಬ ಬಿರುದು ಎರಡನ್ನೂ ಬರೆಸಿದ್ದಾನೆ. ಮನೆ ಬಿಟ್ಟವನು ತಂದೆತಾಯಿಯನ್ನು ನೆನೆದಿದ್ದಾನೆ. ಇದರ ಪುಣ್ಯ ಅವರೊಂದಿಗೆ, ಗುರುಗಳೊಂದಿಗೆ, ಜೊತೆಯವರೊಂದಿಗೆ, ಕೊನೆಗೆ ಎಲ್ಲ ಜೀವಿಗಳಿಗೂ ಸೇರಲಿ ಎಂದಿದ್ದಾನೆ. ಹೆಸರು ಕೆತ್ತಿಸುವ ಆಸೆ ಮತ್ತು ಫಲವನ್ನು ಹಂಚಿಬಿಡುವ ಉದಾರತೆ ಒಂದೇ ಕಲ್ಲಿನ ಮೇಲೆ ಒಟ್ಟಿಗೆ ಇವೆ, ಪರಸ್ಪರ ತಕರಾರಿಲ್ಲದೆ.

ಸಾರನಾಥದ ಅತ್ಯಂತ ಹೆಸರಾದ ಶಿಲ್ಪ 5ನೇ ಶತಮಾನದ ಉಪದೇಶಮುದ್ರೆಯ ಬುದ್ಧ. ಚುನಾರದ ತಿಳಿಬಣ್ಣದ ಮರಳುಗಲ್ಲು, ಅರೆಮುಚ್ಚಿದ ಕಣ್ಣು, ಮೈಗೆ ಅಂಟಿದ ವಸ್ತ್ರದ ಅಂಚು ಕಂಡರೂ ಕಾಣದಂತೆ. ನೋಡುವವರ ದೃಷ್ಟಿ ಮುಖದಲ್ಲೇ ನಿಂತುಬಿಡುತ್ತದೆ. ಬಗ್ಗಿ ಪೀಠ ನೋಡಬೇಕು. ನಡುವೆ ಚಕ್ರ, ಎರಡೂ ಬದಿ ಮಂಡಿಯೂರಿದ ಐವರು ಶಿಷ್ಯರು, ಅವರ ಸಾಲಿನಲ್ಲಿ ಒಬ್ಬ ಹೆಂಗಸು ಮತ್ತು ಒಂದು ಮಗು. ಮೂರ್ತಿ ಮಾಡಿಸಿಕೊಟ್ಟ ದಾನಿ ಆಕೆ ಇರಬಹುದೆಂದು ವಿದ್ವಾಂಸರ ಊಹೆ. ಐವರ ಹೆಸರು ಗೊತ್ತಿದೆ: ಕೊಂಡಣ್ಣ, ಭದ್ದಿಯ, ವಪ್ಪ, ಮಹಾನಾಮ, ಅಸ್ಸಜಿ. ಆಕೆಯ ಹೆಸರಿಲ್ಲ. ಸಾವಿರ ವರ್ಷ ಹಿಂದೆ ನಡೆದುಹೋಗಿದ್ದ ಉಪದೇಶವನ್ನು ಕೇಳಲು ಮಗುವನ್ನು ಕಟ್ಟಿಕೊಂಡು ಬಂದು ಐವರ ಜೊತೆಯಲ್ಲಿ ಕೂತುಬಿಟ್ಟಿದ್ದಾಳೆ.

ಹೊಸ ಮೂಲಗಂಧಕುಟಿ ವಿಹಾರ 1931ರಲ್ಲಿ ಮಹಾಬೋಧಿ ಸೊಸೈಟಿ ಕಟ್ಟಿಸಿದ್ದು. ಒಳಗೋಡೆಗಳ ಮೇಲೆ ಜಪಾನಿನ ಕಲಾವಿದ ಕೊಸೆತ್ಸು ನೊಸು ಬಿಡಿಸಿದ ಬುದ್ಧನ ಜೀವನಚಿತ್ರಗಳಿವೆ. ಇದನ್ನು ಆಗಮಾಡಿಸಿದ ಸಿಂಹಳದ ಅನಾಗಾರಿಕ ಧರ್ಮಪಾಲ 1933ರಲ್ಲಿ ಇಲ್ಲಿಯೇ ಭಿಕ್ಷುವಾಗಿ, ಅದೇ ವರ್ಷ ಏಪ್ರಿಲ್ 29ರಂದು ಇಲ್ಲಿಯೇ ತೀರಿಕೊಂಡರು. ಬುದ್ಧನ ಧರ್ಮ ಹರಡಲು ಇನ್ನೂ 25 ಸಲ ಹುಟ್ಟಿಬರಬೇಕೆಂದು ಅವರು ಕೊನೆಗಾಲದಲ್ಲಿ ಹೇಳುತ್ತಿದ್ದರೆಂದು ದಾಖಲೆಯಿದೆ. ಅನಾತ್ಮ ಬೋಧಿಸಿದ ನೆಲದಲ್ಲಿ ಕಣ್ಣುಮುಚ್ಚುವ ಭಿಕ್ಷುವಿಗೆ ಹುಟ್ಟಿನ ಆಸೆ, ಅದೂ ಲೆಕ್ಕ ಹಾಕಿ! ಸಮ್ಮಿತೀಯರು ಇದ್ದಿದ್ದರೆ ಮುಗುಳ್ನಗುತ್ತಿದ್ದರೇನೋ.

ಆದರೆ ಬುದ್ಧನ ಎದುರಿಗೇ ಇದಕ್ಕೆ ಹೋಲುವ ಪ್ರಶ್ನೆಯೊಂದು ಬಂದಿತ್ತು. ಅರಹಂತನಾದವನು ‘ನಾನು ಹೇಳುತ್ತೇನೆ’ ಎಂದು ಮಾತಾಡಬಹುದೇ, ಹಾಗೆ ಮಾತಾಡಿದರೆ ಅವನಲ್ಲಿ ಅಹಂ ಉಳಿದಿದೆಯೆಂದು ಅರ್ಥವೇ? ಉಳಿದಿಲ್ಲ, ಲೋಕದ ಮಾತನ್ನು ಲೋಕದವರಂತೆ ಬಳಸುತ್ತಾನೆ ಎಂಬುದು ಉತ್ತರ. ಇದಕ್ಕೆ ಉದಾಹರಣೆ ಕೊಂಡಣ್ಣನೇ. ಸಾರನಾಥದ ದಿನಗಳಾದ ಮೇಲೆ ಆ ಮುದುಕ ಸಂಘದ ಗದ್ದಲದಿಂದ ದೂರ ಕಾಡು ಸೇರಿದ. ಬಹುಕಾಲದ ನಂತರ ಒಂದು ದಿನ ರಾಜಗೃಹದ ವೇಣುವನಕ್ಕೆ ಬಂದು, ಬುದ್ಧನ ಪಾದಗಳಿಗೆ ತಲೆಯಿಟ್ಟು, ಕೈಯಿಂದ ಸವರಿ, ತಾನು ಕೊಂಡಣ್ಣ ಎಂದು ಹೆಸರು ಹೇಳಿಕೊಂಡ. ಅಲ್ಲಿದ್ದ ಕಿರಿಯ ಭಿಕ್ಷುಗಳಿಗೆ ಈತ ಯಾರೆಂದು ತಿಳಿದಿರಲಿಕ್ಕಿಲ್ಲ. ‘ನಾನು’ ಎಂಬುದು ಯಾವುದರಲ್ಲೂ ಇಲ್ಲವೆಂದು ಬುದ್ಧನ ನಂತರ ಮೊದಲು ಕಂಡುಕೊಂಡ ಐವರಲ್ಲಿ ಮೊದಲಿಗ, ತನ್ನ ಗುರುತನ್ನು ಹೀಗೆ ಹೇಳಿದ.

ಸಂಜೆಯಾಗುತ್ತಿದ್ದಂತೆ ಅವಶೇಷಗಳ ಆವರಣದ ಕಾವಲುಗಾರರು ಸೀಟಿ ಊದಿ ಜನರನ್ನು ಹೊರಕ್ಕೆ ಕಳಿಸುತ್ತಾರೆ. ಆಟೋಗಳು ಕಾಶಿಯ ಗಂಗಾರತಿಗೆ ಹೊತ್ತಾಯಿತೆಂದು ಅವಸರಪಡಿಸುತ್ತವೆ. ಆ ಅವಸರಕ್ಕೆ ಬಗ್ಗದವರು ಮೂಲಗಂಧಕುಟಿ ವಿಹಾರದ ನೆಲದ ಮೇಲೆ ಕುಳಿತರೆ ಭಿಕ್ಷುಗಳ ಸಂಜೆಯ ಪಠಣ ಕೇಳಬಹುದು. ಅವರು ಹೇಳುವುದು ಮೊದಲ ಉಪದೇಶದ ಸೂತ್ರ. ಪಾಲಿ ತಿಳಿಯದವರಿಗೂ ಧಾಟಿ ಹಿಡಿಸುತ್ತದೆ. ಆರ್ಯಸತ್ಯಗಳೆಲ್ಲ ಮುಗಿದು, ದೇವಲೋಕಗಳ ಜಯಘೋಷವೂ ಮುಗಿದ ಮೇಲೆ, ಕೊಂಡಣ್ಣ ತಿಳಿದುಕೊಂಡ ಎಂದು ಬುದ್ಧ ಸಂತೋಷದಿಂದ ಉದ್ಗರಿಸಿದ್ದು, ಅಂದಿನಿಂದ ಆತನಿಗೆ ‘ತಿಳಿದ ಕೊಂಡಣ್ಣ’ ಎಂದೇ ಹೆಸರಾದದ್ದು ಬರುತ್ತದೆ. ಆ ಹೆಸರಿಗೆ ಸೂತ್ರ ಮುಗಿಯುತ್ತದೆ. ಭಿಕ್ಷುಗಳು ತಲೆಬಾಗಿ ಎದ್ದು ದೀಪ ಸರಿಮಾಡುತ್ತಾರೆ.